ರಬ್ಬರಿನ ಮೇಲಿನ ಹೆಸರು

ಜಪಾನಿನ ಶಾಲೆಮಕ್ಕಳಲ್ಲಿ ಒಂದು ಹಳೆಯ ನಂಬಿಕೆಯಿದೆ. ಹೊಸ ರಬ್ಬರು ಕೊಳ್ಳಬೇಕು. ಅದರ ಕಾಗದದ ಅಂಗಿಯನ್ನು ಮೆಲ್ಲಗೆ ಸರಿಸಿ, ಬಿಳಿ ಮೈಮೇಲೆ ಇಷ್ಟವಾದವರ ಹೆಸರು ಬರೆಯಬೇಕು. ಹಸಿರು ಶಾಯಿಯಲ್ಲೇ ಬರೆಯಬೇಕು ಎನ್ನುವವರೂ ಇದ್ದಾರೆ. ಆಮೇಲೆ ಮತ್ತೆ ಅಂಗಿ ತೊಡಿಸಿ, ಯಾರ ಕಣ್ಣಿಗೂ ಬೀಳಿಸದೆ, ಯಾರ ಕೈಗೂ ಕೊಡದೆ, ತೇಯಿಸಿ ತೇಯಿಸಿ ಪೂರ್ತಿ ಮುಗಿಸಬೇಕು. ಮುಗಿದ ದಿನ ಆ ಕಡೆಯಿಂದಲೂ ಪ್ರೀತಿ ಹುಟ್ಟುತ್ತದಂತೆ. ನಾವು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡು ಹೆಸರು ಬರೆದು, ಎರಡರಲ್ಲೂ ಇರುವ ಅಕ್ಷರಗಳನ್ನು ಹೊಡೆದುಹಾಕಿ, ಉಳಿದದ್ದನ್ನು ಎಣಿಸಿ 'ಫ್ಲೇಮ್ಸ್' ಆಡುತ್ತಿದ್ದೆವಲ್ಲ, ಅದೇ ಜಾತಿಯದು. ನಮ್ಮದರಲ್ಲಿ ಒಂದೇ ನಿಮಿಷಕ್ಕೆ ಮದುವೆಯೋ ತಂಗಿಯೋ ತೀರ್ಮಾನವಾಗಿಬಿಡುತ್ತಿತ್ತು. ಜಪಾನಿನದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಅಷ್ಟು ದಿನ ಗುಟ್ಟು ಮುಚ್ಚಿಟ್ಟುಕೊಳ್ಳುವುದೇ ಅದರ ಕಷ್ಟ.

ಆ ಗುಟ್ಟು ತಪ್ಪಿ ಇನ್ನೊಬ್ಬರ ಕೈಗೆ ಹೋದರೆ ಏನಾದೀತು? ಒಂಬತ್ತು ಸಂಪುಟಗಳ ಒಂದು ಮಾಂಗಾ, ಎಂದರೆ ಜಪಾನಿ ಚಿತ್ರಕತೆ, ಹುಟ್ಟೀತು. ಜಪಾನಿಯಲ್ಲಿ ಅದರ ಹೆಸರು 'ಕಿಯೆತಾ ಹತ್ಸುಕೊಯಿ'. ಕತೆ ವತಾರು ಹಿನೆಕುರೆಯದು, ಚಿತ್ರ ಅರುಕೊ ಅವರದು. ಶುಯೇಶಾ ಪ್ರಕಾಶನದ 'ಬೆಸ್ಸಾತ್ಸು ಮಾರ್ಗರೆಟ್' ಮಾಸಿಕದಲ್ಲಿ 2019ರಿಂದ 2022ರವರೆಗೆ ಧಾರಾವಾಹಿಯಾಗಿ ಬಂತು. ಇಂಗ್ಲಿಷಿನಲ್ಲಿ 'ಮೈ ಲವ್ ಮಿಕ್ಸ್-ಅಪ್!' ಎಂದು ಸಿಗುತ್ತದೆ.

ಕತೆ ಇಷ್ಟು. ಆವೊಕಿ ಹೈಸ್ಕೂಲಿನ ಎರಡನೇ ವರ್ಷದ ಹುಡುಗ. ಪಕ್ಕದ ಡೆಸ್ಕಿನ ಹಾಶಿಮೊತೊ ಎಂಬ ಹುಡುಗಿಯ ಮೇಲೆ ಅವನಿಗೆ ಆಸೆ. ಒಂದು ದಿನ ರಬ್ಬರು ತಂದಿಲ್ಲ. ಅವಳು ತನ್ನದನ್ನು ಕೊಡುತ್ತಾಳೆ. ಅವನು ಆನಂದದಿಂದ ನೋಡಿದರೆ ಅದರ ಮೇಲೆ 'ಇದಾ' ಎಂಬ ಹೆಸರು, ಪಕ್ಕದಲ್ಲೊಂದು ಪುಟ್ಟ ಹೃದಯ. ಇದಾ ಬೇರೆ ಯಾರೂ ಅಲ್ಲ, ಅವನ ಮುಂದಿನ ಸೀಟಿನಲ್ಲೇ ಕೂರುವ ಹುಡುಗ. (ಕನ್ನಡದಲ್ಲಿ ಓದುವಾಗ ಆ ಹೆಸರೇ ಪ್ರಶ್ನೆಯಂತೆ ಕೇಳುತ್ತದೆ: ಇದಾ? ಆವೊಕಿಗೂ ಹಾಗೇ ಅನ್ನಿಸಿರಬೇಕು.) ಆ ಆಘಾತದಲ್ಲಿ ರಬ್ಬರು ಇದಾನ ಕಣ್ಣಿಗೆ ಬೀಳುತ್ತದೆ. ತನ್ನ ಹೆಸರು, ಹೃದಯದ ಗುರುತು, ಅದನ್ನು ಹಿಡಿದಿರುವವನು ಆವೊಕಿ. ನಿಜ ಹೇಳಿದರೆ ಹಾಶಿಮೊತೊಳ ಗುಟ್ಟು ಬಯಲಾಗುತ್ತದೆ. ಹೇಳದಿದ್ದರೆ ತಾನೇ ಇದಾನನ್ನು ಪ್ರೀತಿಸುವವನಾಗುತ್ತಾನೆ. ಆವೊಕಿ ಎರಡನೆಯದನ್ನೇ ಮೈಮೇಲೆ ಎಳೆದುಕೊಳ್ಳುತ್ತಾನೆ.

ಅಲ್ಲಿಂದ ತಪ್ಪು ತಿಳಿವಳಿಕೆಯ ಮೇಲೆ ತಪ್ಪು ತಿಳಿವಳಿಕೆ. ಹಾಶಿಮೊತೊ ಬರೆದದ್ದು 'ಇದಾ' ಎಂದೇ ಅಲ್ಲ, 'ಅಯಿದಾ' ಎಂದು. ಅವನು ಆವೊಕಿಯ ಜೀವದ ಗೆಳೆಯ. ಜಪಾನಿ ಲಿಪಿಯಲ್ಲಿ ಅ, ಇ, ದ ಮೂರೂ ಬೇರೆಬೇರೆ ಅಕ್ಷರಗಳು. ಮೊದಲನೆಯದು ಕಣ್ಣಿಗೆ ಬೀಳದೇ ಹೋದರೆ ಉಳಿಯುವುದು ಇನ್ನೊಬ್ಬನ ಹೆಸರು. ಒಂದು ಅಕ್ಷರ ತಪ್ಪಿದ್ದಕ್ಕೆ ಇಬ್ಬರ ಬದುಕು ಬೇರೆ ದಾರಿ ಹಿಡಿಯಿತು. ಯಾಕೆಂದರೆ ಈ ಸುಳ್ಳನ್ನು ನಿಭಾಯಿಸುತ್ತಾ ನಿಭಾಯಿಸುತ್ತಾ ಆವೊಕಿಗೆ ಇದಾನ ಮೇಲೆ ನಿಜವಾಗಿಯೂ ಮನಸ್ಸಾಗುತ್ತದೆ.

ಹದಿನೇಳು ವರ್ಷದ ಹುಡುಗರ ಕೈಯಲ್ಲಿ ರಬ್ಬರು ಯಾಕೆ ಎಂದು ನಮಗೆ ಅನ್ನಿಸಬಹುದು. ನಮ್ಮಲ್ಲಿ ಐದನೇ ಕ್ಲಾಸಿನ ಹೊತ್ತಿಗೆ ಪೆನ್ನು ಬರುತ್ತದೆ. ಪೆನ್ನಿನಲ್ಲಿ ಬರೆಯುವುದೆಂದರೆ ದೊಡ್ಡವರಾದಂತೆ, ರಬ್ಬರು ಜಾಮಿಟ್ರಿ ಬಾಕ್ಸಿನ ಮೂಲೆ ಸೇರುತ್ತದೆ. ಜಪಾನಿನಲ್ಲಿ ಹಾಗಲ್ಲ. ಹೈಸ್ಕೂಲು ಮುಗಿಯುವವರೆಗೂ ಒತ್ತು ಪೆನ್ಸಿಲಿನಲ್ಲೇ ನೋಟ್ಸು, ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯ ಉತ್ತರಪತ್ರಿಕೆ ತುಂಬುವುದೂ ಪೆನ್ಸಿಲಿನಲ್ಲೇ. ರಬ್ಬರು ದಿನವೂ ಕೈಗೆ ಬೇಕಾದ ವಸ್ತು. ಅದಕ್ಕೇ ಪಕ್ಕದವರಲ್ಲಿ ಕೇಳುವುದು ಸಹಜ, ಕೊಡದಿರುವುದು ಅಸಹಜ. ಇಡೀ ಕತೆ ನಿಂತಿರುವುದು ಈ ಸಣ್ಣ ಮರ್ಯಾದೆಯ ಮೇಲೆ.

ಹೆಸರಿನಲ್ಲೂ ಒಂದು ಚಮತ್ಕಾರವಿದೆ. ರಬ್ಬರಿಗೆ ಜಪಾನಿಯಲ್ಲಿ 'ಕೆಶಿಗೊಮು'. 'ಕೆಶಿ' ಎಂದರೆ ಅಳಿಸುವುದು. 'ಗೊಮು' ಡಚ್ಚರಿಂದ ಬಂದ ಪದ. ನಮಗೆ ಇಂಗ್ಲಿಷರು ರಬ್ಬರು ಕೊಟ್ಟ ಹಾಗೆ. 'ಕಿಯೆತಾ ಹತ್ಸುಕೊಯಿ' ಎಂದರೆ ಅಳಿಸಿಹೋದ ಮೊದಲ ಪ್ರೀತಿ, ಇಲ್ಲವೇ ಮಾಯವಾದ ಮೊದಲ ಪ್ರೀತಿ. 'ಕೆಶಿ'ಗೂ 'ಕಿಯೆತಾ'ಕ್ಕೂ ಆರಂಭದಲ್ಲಿರುವ ಚಿತ್ರಾಕ್ಷರ ಒಂದೇ. ಶೀರ್ಷಿಕೆ ನೋಡಿದ ಜಪಾನಿ ಓದುಗರಿಗೆ ರಬ್ಬರು ಅಲ್ಲೇ ಕಾಣುತ್ತದೆ. ಇಂಗ್ಲಿಷ್ ಶೀರ್ಷಿಕೆಯಲ್ಲಿ ಇದೆಲ್ಲ ಸೋರಿಹೋಗಿ ಬರೀ ಗಡಿಬಿಡಿ ಉಳಿದಿದೆ.

ಇನ್ನು ನನ್ನನ್ನು ಹಿಡಿದು ನಿಲ್ಲಿಸಿದ ಜಾಗಕ್ಕೆ ಬರುತ್ತೇನೆ. ತನ್ನ ಹೆಸರಿರುವ ರಬ್ಬರು ಒಬ್ಬ ಹುಡುಗನ ಕೈಯಲ್ಲಿ ಕಂಡಾಗ ಇದಾ ಏನು ಮಾಡುತ್ತಾನೆ? ನಗುವುದಿಲ್ಲ. ಗೆಳೆಯರನ್ನು ಕರೆದು ತೋರಿಸುವುದಿಲ್ಲ. 'ಛೀ' ಎನ್ನುವುದಿಲ್ಲ. ಅವನು ಯೋಚಿಸುತ್ತಾನೆ. ವಾಲಿಬಾಲ್ ಆಡುವ, ಮುಖದಲ್ಲಿ ಭಾವನೆ ಅಷ್ಟಾಗಿ ಕಾಣಿಸದ, ಏನು ಕೇಳಿದರೂ ನೆಟ್ಟಗೆ ಉತ್ತರ ಕೊಡುವ ಹುಡುಗ. ತನಗೆ ಯಾರೋ ಮನಸ್ಸು ಕೊಟ್ಟಿದ್ದಾರೆ ಎಂದರೆ ಅದಕ್ಕೆ ನೆಟ್ಟಗಿನ ಉತ್ತರ ಕೊಡಬೇಕು ಎಂಬುದಷ್ಟೇ ಅವನ ತಲೆಯಲ್ಲಿ. ಕೊಟ್ಟವನು ಗಂಡು ಎಂಬುದು ಉತ್ತರಕ್ಕೆ ಬೇಕಾದ ಸಂಗತಿಗಳಲ್ಲಿ ಒಂದು, ಅಷ್ಟೇ.

ಇದನ್ನು ಓದುತ್ತಾ ನನಗೆ ನಾನು ಓದಿದ ಹೈಸ್ಕೂಲು ನೆನಪಾಯಿತು. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಇನ್ನೊಬ್ಬನ ಹುಟ್ಟುಹಬ್ಬಕ್ಕೆ ಕೈಯಾರೆ ಬರೆದ ಕಾರ್ಡು ಕೊಟ್ಟಿದ್ದ. ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಆ ಕಾರ್ಡು ಮೂರು ಬೆಂಚು ದಾಟಿತ್ತು, ಸಂಜೆಗೆ ಇಡೀ ಶಾಲೆಗೆ ಒಂದು ಅಡ್ಡಹೆಸರು ಸಿಕ್ಕಿತ್ತು. ನಗುವವರಲ್ಲಿ ನಾನೂ ಇದ್ದೆ. ಆ ಹುಡುಗ ಎಸ್ಸೆಸ್ಸೆಲ್ಸಿಯವರೆಗೂ ಆ ಅಡ್ಡಹೆಸರಿಗೆ ಓಗೊಟ್ಟ. ಕಾರ್ಡು ಪಡೆದವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದರೆ? ಬೇರೇನೂ ಬೇಡ, ಬರೀ ಮಡಚಿ ಜೇಬಿಗೆ. ಇದಾ ಮಾಡುವುದು ಹೆಚ್ಚುಕಡಿಮೆ ಅಷ್ಟನ್ನೇ. ಈ ಮಾಂಗಾದ ಸಿಹಿ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮುತ್ತು, ಹೂವು, ಹಿಮ ಬೀಳುವ ಸಂಜೆಗಳನ್ನು ತೋರಿಸುವುದಿಲ್ಲ. ನಗದೇ ಇರುವ ಆ ಒಂದು ಮುಖವನ್ನು ತೋರಿಸುತ್ತೇನೆ.

ಅಷ್ಟಕ್ಕೂ ಜಪಾನಿನ ಶಾಲೆಯ ಪ್ರೇಮಕತೆಗಳಲ್ಲಿ 'ಉತ್ತರ' ಎಂಬ ಮಾತಿಗೆ ತೂಕ ಹೆಚ್ಚು. ಅಲ್ಲಿ 'ಕೊಕುಹಾಕು' ಎಂಬ ರೂಢಿಯಿದೆ. ಸುಮ್ಮನೆ ಜೊತೆಗೆ ಓಡಾಡಿ ಪ್ರೀತಿ ತಾನಾಗಿ ಬೆಳೆಯಲಿ ಎಂದು ಬಿಡುವಂತಿಲ್ಲ. ಒಬ್ಬರು ಇನ್ನೊಬ್ಬರನ್ನು ಶಾಲೆಯ ಹಿಂದಕ್ಕೋ ಮಹಡಿಯ ಮೇಲಕ್ಕೋ ಕರೆದು, 'ಇಷ್ಟ, ನನ್ನ ಜೊತೆ ಇರ್ತೀರಾ' ಎಂದು ಬಾಯಿಬಿಟ್ಟು ಹೇಳಬೇಕು. ಕೇಳಿಸಿಕೊಂಡವರು ಉತ್ತರ ಕೊಡಬೇಕು. ಅಲ್ಲಿಂದ ಮುಂದೆ ಅವರು ಜೋಡಿ, ಇಲ್ಲವೇ ಅಲ್ಲ. ಹೆಣ್ಣು ನೋಡಲು ಬಂದವರು ಊರಿಗೆ ಹೋಗಿ ಪತ್ರ ಬರೆಯುತ್ತೇವೆ ಎಂದು ತಿಂಗಳುಗಟ್ಟಲೆ ಸತಾಯಿಸುವುದನ್ನು ಕಂಡ ನಮಗೆ ಈ ಶಿಸ್ತು ವಿಚಿತ್ರವೂ ಹೌದು, ಆಕರ್ಷಕವೂ ಹೌದು. ಆವೊಕಿಯ ಪೇಚೂ ಇದೇ. ಅವನು ಕೊಕುಹಾಕು ಮಾಡಿಯೇ ಇಲ್ಲ. ಆದರೆ ರಬ್ಬರು ಅವನ ಪರವಾಗಿ ಮಾಡಿಬಿಟ್ಟಿದೆ, ಎದುರಿನವನು ಉತ್ತರವನ್ನೂ ಹುಡುಕುತ್ತಿದ್ದಾನೆ.

ಆ 'ಇಷ್ಟ' ಎಂಬ ಪದದ ಬಗ್ಗೆಯೂ ಒಂದು ಮಾತು. ಜಪಾನಿಯಲ್ಲಿ ಅದು 'ಸುಕಿ'. ಅನ್ನಕ್ಕೂ ಅದೇ, ಬೆಕ್ಕಿಗೂ ಅದೇ, ಜೀವದ ಮನುಷ್ಯನಿಗೂ ಅದೇ. ಇಂಗ್ಲಿಷಿಗೆ ತರುವವರು ಪ್ರತಿ ಸಲವೂ ಲೈಕ್ ಹಾಕಬೇಕೋ ಲವ್ ಹಾಕಬೇಕೋ ಎಂದು ತಲೆ ಕೆರೆದುಕೊಳ್ಳುತ್ತಾರೆ. ಕನ್ನಡದವರಿಗೆ ಆ ಕಷ್ಟವಿಲ್ಲ. 'ನನಗೆ ಉಪ್ಪಿಟ್ಟು ಇಷ್ಟ', 'ನನಗೆ ನೀನು ಇಷ್ಟ'. ವಾಕ್ಯದ ಕಟ್ಟಡವೂ ಎರಡು ಭಾಷೆಯಲ್ಲಿ ಹತ್ತಿರ ಹತ್ತಿರ: ಇಷ್ಟವಾದವರೇ ಕರ್ತೃ, ಇಷ್ಟಪಟ್ಟವರು ಪಕ್ಕಕ್ಕೆ ನಿಂತಿರುತ್ತಾರೆ. 'ನನಗೆ ಜ್ವರ', 'ನನಗೆ ಹಸಿವು' ಎನ್ನುವಂತೆ 'ನನಗೆ ಇಷ್ಟ'. ಅದು ನಾನು ಮಾಡುವ ಕೆಲಸವಲ್ಲ, ನನಗೆ ಬರುವಂಥದ್ದು. ಆವೊಕಿಗೆ ಇದಾ ಇಷ್ಟವಾದ ಬಗೆಯೂ ಹೀಗೇ. ಅವನು ಎಲ್ಲೂ ತೀರ್ಮಾನ ಮಾಡಲಿಲ್ಲ, ಅದು ಬಂತು. ಇನ್ನೊಂದು ಅನುಕೂಲ: 'ಇಷ್ಟ' ಎನ್ನುವಾಗ ಗಂಡೋ ಹೆಣ್ಣೋ ಹೇಳಬೇಕಾಗಿಲ್ಲ. 'ಅವನು ಬಂದ', 'ಅವಳು ಬಂದಳು' ಎಂದು ಕ್ರಿಯಾಪದದಲ್ಲೇ ಗುಟ್ಟು ಬಿಟ್ಟುಕೊಡುವ ಕನ್ನಡದಲ್ಲಿ ಇದು ಸಣ್ಣ ಸೌಲಭ್ಯವಲ್ಲ. ಜಪಾನಿ ಕ್ರಿಯಾಪದ ಎಲ್ಲಿಯೂ ಅದನ್ನು ಹೇಳುವುದೇ ಇಲ್ಲ, ಹಾಗಾಗಿ ಅಲ್ಲಿನ ಲೇಖಕರು ಪುಟಗಟ್ಟಲೆ ಮುಚ್ಚಿಟ್ಟು ಆಡಬಲ್ಲರು.

ಈ ಪುಸ್ತಕ ನನ್ನ ಕೈಗೆ ಬಂದದ್ದು ಅಕ್ಕನ ಮಗಳಿಂದ. ಸೆಕೆಂಡ್ ಪಿಯುಸಿ ಓದುತ್ತಾಳೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಈಗ ಮಾಂಗಾಕ್ಕೇ ಕಪಾಟುಗಳಿವೆ. ಅವಳ ಜೇಬಿನ ದುಡ್ಡೆಲ್ಲ ಅಲ್ಲಿಗೆ. 'ಮಾಮ, ಹಿಂದಿನಿಂದ ಓದಬೇಕು, ಬಲಗಡೆಯಿಂದ ಎಡಕ್ಕೆ' ಎಂದು ಮೊದಲೇ ಎಚ್ಚರಿಸಿ ಕೊಟ್ಟಳು. 'ಇದು ಬಿಎಲ್ಲಾ?' ಎಂದು ಎಲ್ಲೋ ಕೇಳಿದ ಪದವನ್ನು ಬಳಸಿ ನನ್ನ ಪಾಂಡಿತ್ಯ ತೋರಿಸಿದೆ. 'ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ' ಅಂದಳು. ಆ ಉತ್ತರದಲ್ಲಿ ಐವತ್ತು ವರ್ಷದ ಚರಿತ್ರೆಯಿದೆ ಎಂದು ಆಮೇಲೆ ತಿಳಿಯಿತು.

ಬಿಎಲ್ ಎಂದರೆ 'ಬಾಯ್ಸ್ ಲವ್'. ಹುಡುಗರಿಬ್ಬರ ಪ್ರೀತಿಯ ಕತೆಗಳು. ಬರೆಯುವವರಲ್ಲಿ, ಓದುವವರಲ್ಲಿ ಹೆಚ್ಚಿನವರು ಹೆಂಗಸರು. ಇದರ ಬೇರು ಟೋಕಿಯೋದ ನೆರಿಮಾ ವಾರ್ಡಿನ ಓಯಿಜುಮಿಯಲ್ಲಿದೆ. 1970ರ ಹೊತ್ತಿಗೆ ಅಲ್ಲಿ ಕೋಸುಗಡ್ಡೆಯ ಹೊಲದ ಪಕ್ಕದ ಒಂದು ಹಳೆಯ ಬಾಡಿಗೆ ಮನೆಯಲ್ಲಿ ಕೇಕೊ ತಾಕೆಮಿಯಾ, ಮೋಟೊ ಹಾಗಿಯೊ ಎಂಬ ಇಪ್ಪತ್ತರ ಆಸುಪಾಸಿನ ಇಬ್ಬರು ಚಿತ್ರಗಾರ್ತಿಯರು ಒಟ್ಟಿಗೆ ವಾಸವಾಗಿದ್ದರು. ಅವರ ಸುತ್ತ ಸೇರಿದ ಪೀಳಿಗೆಗೆ ಆಮೇಲೆ '24ರ ಗುಂಪು' ಎಂಬ ಹೆಸರು ಬಂತು. ಅವರಲ್ಲಿ ಹೆಚ್ಚಿನವರು ಶೋವಾ 24ನೇ ವರ್ಷ, ಎಂದರೆ 1949ರ ಆಸುಪಾಸಿನಲ್ಲಿ ಹುಟ್ಟಿದವರು. ಮೊದಮೊದಲು ಹುಡುಗಿಯರ ಮಾಂಗಾವನ್ನು ಬಹುಪಾಲು ಗಂಡಸರೇ ಬರೆಯುತ್ತಿದ್ದರು. ಇವರು ಅದನ್ನು ಕಿತ್ತುಕೊಂಡರು.

ಹಾಗಿಯೊ 1974ರಲ್ಲಿ ಬರೆದ 'ತೋಮಾನ ಹೃದಯ' ಜರ್ಮನಿಯ ಹುಡುಗರ ವಸತಿಶಾಲೆಯಲ್ಲಿ ನಡೆಯುತ್ತದೆ. ಮೊದಲ ಪುಟಗಳಲ್ಲೇ ತೋಮಾ ಸಾಯುತ್ತಾನೆ. ಅವನು ಪ್ರೀತಿಸಿದ ಹುಡುಗನಿಗೆ ಒಂದು ಪತ್ರ ಉಳಿಯುತ್ತದೆ. ತಾಕೆಮಿಯಾರ 'ಗಾಳಿ ಮತ್ತು ಮರಗಳ ಹಾಡು' ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನದು. ಅದನ್ನು ಅಚ್ಚು ಹಾಕಲು ಸಂಪಾದಕರು ವರ್ಷಗಟ್ಟಲೆ ಒಪ್ಪಲಿಲ್ಲ. 1976ರಲ್ಲಿ ಶುರುವಾಗಿ 1984ರವರೆಗೆ ನಡೆಯಿತು. ಅಲ್ಲೂ ಒಬ್ಬ ಸಾಯುತ್ತಾನೆ. ದೂರದ ದೇಶ, ಹಳೆಯ ಕಾಲ, ಎತ್ತರದ ಕಿಟಕಿಗಳ ಶಾಲೆ, ಕೊನೆಗೆ ಸಾವು. ಪ್ರೀತಿಯನ್ನು ಅಷ್ಟು ದೂರ ಒಯ್ದು, ಅಷ್ಟು ದೊಡ್ಡ ಬೆಲೆ ತೆತ್ತ ಮೇಲೆ ಮಾತ್ರ ಅದನ್ನು ಹೇಳಲು ಸಾಧ್ಯವಿತ್ತು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. 1978ರಲ್ಲಿ 'ಜೂನೆ' ಎಂಬ ಪತ್ರಿಕೆ ಈ ಬಗೆಯ ಕತೆಗಳಿಗೇ ಮೀಸಲಾಗಿ ಬಂತು. ಅಭಿಮಾನಿಗಳು ತಾವೇ ಅಚ್ಚು ಹಾಕಿ ಮಾರುವ ಪುಸ್ತಿಕೆಗಳಲ್ಲಿ 'ಯಾಓಯಿ' ಎಂಬ ಪದ ಹುಟ್ಟಿತು: ಏರುವಿಕೆಯಿಲ್ಲ, ಮುಕ್ತಾಯವಿಲ್ಲ, ಅರ್ಥವಿಲ್ಲ ಎಂಬ ಮೂರು ಮಾತಿನ ಮೊದಲಕ್ಷರಗಳನ್ನು ಕೂಡಿಸಿ ತಮ್ಮನ್ನು ತಾವೇ ಗೇಲಿ ಮಾಡಿಕೊಂಡದ್ದು. 1990ರ ದಶಕದಲ್ಲಿ ಪ್ರಕಾಶಕರು 'ಬಾಯ್ಸ್ ಲವ್' ಎಂಬ ಹಲಗೆ ತಗುಲಿಸಿ ಅಂಗಡಿಯಲ್ಲಿ ಬೇರೆ ಕಪಾಟು ಮಾಡಿದರು. ಓದುವ ಹೆಂಗಸರು ತಮ್ಮನ್ನು 'ಫುಜೋಶಿ' ಎಂದು ಕರೆದುಕೊಂಡರು. ಗೌರವಸ್ಥ ಹೆಂಗಸು ಎಂಬ ಅರ್ಥದ ಪದದ ಉಚ್ಚಾರಣೆಯನ್ನು ಹಾಗೇ ಇಟ್ಟುಕೊಂಡು, ಒಂದು ಅಕ್ಷರ ಬದಲಿಸಿ 'ಕೊಳೆತ ಹೆಣ್ಣು' ಎಂದು ಮಾಡಿದ ತಮಾಷೆ. ಬೈಗುಳವನ್ನು ತಾವೇ ಮೊದಲು ಬೈದುಕೊಂಡುಬಿಟ್ಟರೆ ಬೇರೆಯವರಿಗೆ ಉಳಿಯುವುದೇನು?

ಹೆಂಗಸರು ಹುಡುಗರಿಬ್ಬರ ಪ್ರೀತಿಯನ್ನು ಯಾಕೆ ಬರೆದರು ಎಂಬುದಕ್ಕೆ ಪಂಡಿತರು ಪುಸ್ತಕಗಳನ್ನೇ ಬರೆದಿದ್ದಾರೆ. ನನಗೆ ಹೆಚ್ಚು ಹೇಳುವುದು ಹಾಗಿಯೊ ಅವರ ಒಂದು ಅನುಭವ. ವಸತಿಶಾಲೆಯ ಬಗ್ಗೆ ತಾವು ಮೊದಲು ಬರೆದ ಕತೆಯನ್ನು ಅವರು ಹುಡುಗಿಯರ ಶಾಲೆಯದಾಗಿಯೂ ಯೋಚಿಸಿ ನೋಡಿದ್ದರು. ಸರಿಬರಲಿಲ್ಲ, ಉಸಿರುಕಟ್ಟಿದಂತಾಯಿತು. ಹುಡುಗರನ್ನಾಗಿ ಮಾಡಿದ ಕೂಡಲೇ ಪಾತ್ರಗಳು ಬಿಡುಗಡೆಯಾದವು. ಹುಡುಗಿ ಬಂದರೆ ಅವಳ ಹಿಂದೆ ಮದುವೆ, ಮನೆತನ, ಅವಳು ಹೇಗೆ ಕೂರಬೇಕು ಹೇಗೆ ನಗಬೇಕು ಎಂಬ ಕಟ್ಟಳೆಗಳ ಪಟ್ಟಿಯೇ ಬರುತ್ತದೆ. ಓದುವ ಹುಡುಗಿಗೆ ಆ ಪಟ್ಟಿ ಮನೆಯಲ್ಲೇ ಬೇಕಾದಷ್ಟಿದೆ. ಕತೆಯೊಳಗೆ ತನ್ನನ್ನು ಅಳೆದು ನೋಡಬೇಕಾದ ಹುಡುಗಿಯೇ ಇಲ್ಲದಿದ್ದರೆ ಅವಳು ಪ್ರೀತಿಯನ್ನು ನಿರಾಳವಾಗಿ ನೋಡಬಹುದು. ಒಮ್ಮೆ ಇವನಾಗಿ, ಒಮ್ಮೆ ಅವನಾಗಿ.

ಹಾಗೆ ಹುಡುಗಿಯನ್ನು ಹೊರಗಿಟ್ಟದ್ದಕ್ಕೆ ಒಂದು ದಂಡವೂ ಬಿತ್ತು. ಎಷ್ಟೋ ಬಿಎಲ್ ಕತೆಗಳಲ್ಲಿ ಹೆಣ್ಣು ಪಾತ್ರವೆಂದರೆ ಅಡ್ಡ ಬರುವವಳು, ಹೊಟ್ಟೆಕಿಚ್ಚಿನವಳು. ಇಲ್ಲಿಯೇ ಹಿನೆಕುರೆ ಬೇರೆಯಾಗುತ್ತಾರೆ. ಹಾಶಿಮೊತೊ ಕೊನೆಯವರೆಗೂ ಕತೆಯಲ್ಲಿದ್ದಾಳೆ, ತನ್ನದೇ ಪ್ರೀತಿ ತನ್ನದೇ ಅಂಜಿಕೆ ಇಟ್ಟುಕೊಂಡು. ಆವೊಕಿಗೆ ಅವಳ ಮೇಲಿನ ಆಸೆ ಕರಗಿದ ಮೇಲೂ ಗೆಳೆತನ ಕರಗುವುದಿಲ್ಲ. ಇಬ್ಬರು ಅಂಜುಬುರುಕರು ಒಬ್ಬರನ್ನೊಬ್ಬರು ಹುರಿದುಂಬಿಸುವ ದೃಶ್ಯಗಳಿಗೆ ಈ ಪುಸ್ತಕದಲ್ಲಿ ಪ್ರೇಮದೃಶ್ಯಗಳಷ್ಟೇ ಬೆಲೆ.

ಅಕ್ಕನ ಮಗಳ 'ಹೌದು, ಅಲ್ಲ'ಕ್ಕೆ ಕಾರಣ ಪತ್ರಿಕೆ. 'ಬೆಸ್ಸಾತ್ಸು ಮಾರ್ಗರೆಟ್' ಬಿಎಲ್ ಪತ್ರಿಕೆಯಲ್ಲ. ಹುಡುಗ ಹುಡುಗಿಯ ಪ್ರೇಮಕತೆಗಳಿಗೆ ಹೆಸರಾದ, ಹದಿಹರೆಯದ ಹುಡುಗಿಯರ ದಪ್ಪ ಮಾಸಿಕ. ಜಪಾನಿನಲ್ಲಿ ಒಂದು ಮಾಂಗಾದ ಜಾತಿ ಯಾವುದು ಎಂದು ಹೇಳುವುದು ಅದರೊಳಗಿನ ಕತೆಯಲ್ಲ, ಅದು ಅಚ್ಚಾದ ಪತ್ರಿಕೆ. ಹಾಗಾಗಿ ಈ ಕತೆ ಬೇರೆ ಕಪಾಟಿಗೆ ಹೋಗಲಿಲ್ಲ, ಪಕ್ಕದ ಮನೆಯ ಹುಡುಗನನ್ನು ಪ್ರೀತಿಸುವ ಹುಡುಗಿಯರ ಕತೆಗಳ ನಡುವೆಯೇ ಕೂತಿತು. 2021ನೇ ಸಾಲಿನ ಶೋಗಾಕುಕಾನ್ ಮಾಂಗಾ ಪ್ರಶಸ್ತಿ ಬಂದಾಗಲೂ ಬಂದದ್ದು ಹುಡುಗಿಯರ ಮಾಂಗಾ ವಿಭಾಗದಲ್ಲಿ. ಅದೇ ಪ್ರಶಸ್ತಿ 1979ನೇ ಸಾಲಿನಲ್ಲಿ ತಾಕೆಮಿಯಾರಿಗೆ ಬಂದಿತ್ತು. ಆಗ ಫ್ರಾನ್ಸಿನ ವಸತಿಶಾಲೆ ಮತ್ತು ಸಾವು. ಈಗ ಯಾವುದೋ ಮಾಮೂಲಿ ಜಪಾನಿ ಶಾಲೆ ಮತ್ತು ರಬ್ಬರು.

ಚಿತ್ರದ ಬಗ್ಗೆ ಹೇಳದಿದ್ದರೆ ಅರ್ಧ ಹೇಳಿದಂತೆ. ಅರುಕೊ ಇದಕ್ಕೆ ಮೊದಲು 'ಓರೆ ಮೊನೊಗಾತಾರಿ!!' ಬಿಡಿಸಿದ್ದರು, 2011ರಿಂದ 2016ರವರೆಗೆ, ಕಜುನೆ ಕವಾಹಾರಾ ಬರೆದ ಕತೆಗೆ. ಅದರ ನಾಯಕ ಗುಡ್ಡದಂಥ ಆಳು, ದಪ್ಪ ಹುಬ್ಬು, ದಪ್ಪ ತುಟಿ. ಹುಡುಗಿಯರ ಪತ್ರಿಕೆಯ ಚೆಲುವನ ಲಕ್ಷಣ ಒಂದೂ ಇಲ್ಲ. ನಗು ಬರಿಸುವ ದೇಹಕ್ಕೆ ಘನತೆ ಕೊಡುವುದು ಅರುಕೊಗೆ ಅಲ್ಲೇ ಕರಗತವಾಗಿತ್ತು. ಇಲ್ಲಿ ಆ ಕೌಶಲವೆಲ್ಲ ಆವೊಕಿಯ ಮುಖಕ್ಕೆ ಹೋಗಿದೆ. ಅವನ ಮುಖ ಒಂದು ಚೌಕದಲ್ಲಿ ಇದ್ದಂತೆ ಇನ್ನೊಂದರಲ್ಲಿಲ್ಲ: ಕಣ್ಣು ಚುಕ್ಕಿಯಾಗುತ್ತದೆ, ಬಾಯಿ ಹಾವಿನಂತೆ ಸುತ್ತಿಕೊಳ್ಳುತ್ತದೆ, ಆತ್ಮ ಬಾಯಿಂದ ಹೊರಗೆ ಬಂದಂತಾಗುತ್ತದೆ. ಇದಾನ ಮುಖ ಬದಲಾಗುವುದೇ ಇಲ್ಲ. ಹಾಗಾಗಿ ಎಷ್ಟೋ ಪುಟಗಳಾದ ಮೇಲೆ ಅವನ ಕಿವಿಯ ಬಳಿ ಎರಡು ಗೆರೆ ಕೆಂಪಾಗಿ ಕಾಣಿಸಿಕೊಂಡರೆ, ಕಪ್ಪು ಬಿಳುಪಿನ ಪುಟದಲ್ಲೂ ಅದು ಕೆಂಪಾಗಿಯೇ ಕಾಣುತ್ತದೆ, ಓದುವವರ ಎದೆ ಧಸಕ್ಕೆನ್ನುತ್ತದೆ.

ಎದೆಯ ಸದ್ದನ್ನು ಜಪಾನಿ ಚಿತ್ರಗಾರರು ಬರೆದೇ ತೋರಿಸುತ್ತಾರೆ: 'ಡೋಕಿ ಡೋಕಿ'. ನಮ್ಮ 'ಡವಡವ'. ಅನುಕರಣ ಪದಗಳ ಸಂಪತ್ತಿನಲ್ಲಿ ಕನ್ನಡವೂ ಜಪಾನಿಯೂ ಒಂದೇ ಗೋತ್ರ ಎನ್ನಬಹುದು. ಇಂಗ್ಲಿಷ್ ಈ ವಿಷಯದಲ್ಲಿ ಬಡವ. ಪಿಳಿಪಿಳಿ, ಮಿಣಿಮಿಣಿ, ಚುರುಚುರು, ಘಮಘಮ ಎಂದು ನಾವು ಕಣ್ಣಿಗೆ, ಬೆಳಕಿಗೆ, ನೋವಿಗೆ, ವಾಸನೆಗೆ ಎಲ್ಲಕ್ಕೂ ಸದ್ದು ಕೊಟ್ಟಿದ್ದೇವೆ. ಜಪಾನಿಗಳು ಮೌನಕ್ಕೂ ಕೊಟ್ಟಿದ್ದಾರೆ. ಚೌಕದ ಮೂಲೆಯಲ್ಲಿ 'ಶೀನ್' ಎಂದು ಬರೆದಿದ್ದರೆ ಅಲ್ಲಿ ಏನೂ ಕೇಳಿಸುತ್ತಿಲ್ಲ ಎಂದರ್ಥ. ಇದು ನಮ್ಮಲ್ಲಿಲ್ಲವಲ್ಲ ಎಂದುಕೊಳ್ಳುತ್ತಿದ್ದಾಗ ನೆನಪಾಯಿತು, ಜಾತ್ರೆ ಮುಗಿದ ಮಾರನೇ ದಿನ ಊರು 'ಬಿಕೋ' ಎನ್ನುತ್ತದೆ. ಈ ಮಾಂಗಾ ಕನ್ನಡಕ್ಕೆ ಬಂದರೆ ಶಾಲೆ ಬಿಟ್ಟ ಮೇಲಿನ ಖಾಲಿ ತರಗತಿಗಳ ಆ ಚೌಕಗಳಲ್ಲಿ ಹಾಕಲು ಪದ ಸಿದ್ಧವಿದೆ.

ಇಷ್ಟು ಸಿಹಿಯನ್ನು ನಂಬಬಹುದೇ? ಈ ಪ್ರಶ್ನೆ ಹೊಸದಲ್ಲ. 1992ರಲ್ಲಿ ಮಸಾಕಿ ಸಾತೊ ಎಂಬ ಸಲಿಂಗಿ ಹೋರಾಟಗಾರ ಒಂದು ಸ್ತ್ರೀವಾದಿ ಕಿರುಪತ್ರಿಕೆಯಲ್ಲಿ ಯಾಓಯಿಯನ್ನು ಕಟುವಾಗಿ ಟೀಕಿಸಿ ಬರೆದರು. ನಮ್ಮಂಥವರ ಪ್ರೀತಿಯನ್ನು ನಿಮ್ಮ ಮೋಜಿಗೆ ಬಳಸಿಕೊಂಡು, ನಿಜವಾದ ನಮ್ಮನ್ನು ನೋಡಲೇ ಒಲ್ಲಿರಿ ಎಂಬುದು ಅವರ ಸಿಟ್ಟಿನ ತಿರುಳು. ವರ್ಷಗಟ್ಟಲೆ ವಾದ ನಡೆಯಿತು. ಆ ಸಿಟ್ಟಿನಲ್ಲಿ ನ್ಯಾಯವಿದೆ. ಎಷ್ಟೋ ಬಿಎಲ್ ಕತೆಗಳಲ್ಲಿ ಹುಡುಗರು 'ನಾನು ಸಲಿಂಗಿಯಲ್ಲ, ಇವನೊಬ್ಬನೇ ಇಷ್ಟ' ಎನ್ನುವುದು ರೂಢಿಯೇ ಆಗಿತ್ತು. ಪ್ರೀತಿ ಬೇಕು, ಆ ಪ್ರೀತಿ ತರುವ ಹೆಸರು ಬೇಡ. ಆವೊಕಿ ಇದಾರ ಕತೆಯೂ ಇದರಿಂದ ಪೂರ್ತಿ ಪಾರಾಗಿದೆ ಎಂದು ನಾನು ಹೇಳಲಾರೆ. ತಾನು ಯಾರು ಎಂಬ ಪ್ರಶ್ನೆಯಲ್ಲಿ ಒಬ್ಬ ಹುಡುಗ ರಾತ್ರಿಯೆಲ್ಲ ಒದ್ದಾಡುವುದಕ್ಕೆ ಇಲ್ಲಿ ಹೆಚ್ಚು ಜಾಗವಿಲ್ಲ. ಅವನ ಒದ್ದಾಟವೆಲ್ಲ ಇವನಿಗೆ ನಾನು ಇಷ್ಟವೋ ಇಲ್ಲವೋ ಎಂಬುದರಲ್ಲೇ.

ಆದರೂ ಒಂದು ವ್ಯತ್ಯಾಸ ನನಗೆ ಮುಖ್ಯವಾಗಿ ಕಂಡಿತು. ಈ ಕತೆ ಹುಡುಗರ ಪ್ರೀತಿಯನ್ನು ಯಾವುದೋ ದೇಶದ ಹಿಮದಲ್ಲಿ ಹೂತಿಲ್ಲ, ನಿಷಿದ್ಧವೆಂಬ ಮಸಾಲೆ ಹಾಕಿ ಮಾರಿಲ್ಲ. ಪರೀಕ್ಷೆ, ಶಾಲಾಪ್ರವಾಸ, ಪೆಟ್ಟಿಗೆಯ ಊಟ, ಸೈಕಲ್ ಸ್ಟ್ಯಾಂಡು ಇವುಗಳ ನಡುವೆ ಇಟ್ಟಿದೆ. 2021ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಟಿವಿ ಅಸಾಹಿ ವಾಹಿನಿ ಇದನ್ನು ಧಾರಾವಾಹಿ ಮಾಡಿತು. ಆವೊಕಿಯಾಗಿ ಶುನ್‌ಸುಕೆ ಮಿಚಿಯೆದಾ, ಇದಾ ಆಗಿ ರೆನ್ ಮೆಗುರೊ. ಇಬ್ಬರೂ ಹುಡುಗಿಯರು ಮುಗಿಬೀಳುವ ಹಾಡುಗಾರ ತಂಡಗಳವರು. ಇಷ್ಟಾದರೂ ಜಪಾನಿನಲ್ಲಿ ಇಂದಿಗೂ ಸಲಿಂಗ ಮದುವೆಗೆ ಕಾನೂನಿಲ್ಲ. 2015ರಲ್ಲಿ ಟೋಕಿಯೋದ ಶಿಬುಯಾ ಮತ್ತು ಸೆತಗಾಯಾ ವಾರ್ಡುಗಳು ಜೋಡಿಗಳಿಗೆ ಪ್ರಮಾಣಪತ್ರ ಕೊಡಲು ತೊಡಗಿದ ಮೇಲೆ ಬೇರೆ ಊರುಗಳೂ ಹಿಂಬಾಲಿಸಿದವು. ಧಾರಾವಾಹಿ ಬಂದ ವರ್ಷವೇ, ಮಾರ್ಚ್ 17ರಂದು, ಸಪ್ಪೊರೊ ಜಿಲ್ಲಾ ನ್ಯಾಯಾಲಯ ಇಂಥ ಮದುವೆಗೆ ಮಾನ್ಯತೆ ಕೊಡದಿರುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಅಲ್ಲಿ ಅಂಥ ತೀರ್ಪು ಅದೇ ಮೊದಲು. 2024ರಲ್ಲಿ ಥಾಯ್ಲೆಂಡಿನವರು ಈ ಕತೆಯನ್ನು ತಮ್ಮ ಭಾಷೆಯಲ್ಲಿ ಮತ್ತೆ ಧಾರಾವಾಹಿ ಮಾಡಿದರು. ಅಲ್ಲಿ 2025ರ ಜನವರಿಯಿಂದ ಮದುವೆಗೂ ಕಾನೂನು ಬಂದಿದೆ. ಕತೆಯಿಂದ ಕಾನೂನು ಬಂತು ಎಂದು ನಾನು ಹೇಳುತ್ತಿಲ್ಲ. ಅಷ್ಟು ಸುಲಭವಾಗಿದ್ದರೆ ಎಲ್ಲ ದೇಶದವರೂ ಮಾಂಗಾ ಅಚ್ಚು ಹಾಕುತ್ತಿದ್ದರು.

ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನಿಂದ ಈ ಪ್ರೀತಿಯನ್ನು ಬಿಡಿಸಿತು. ಮದುವೆಯ ಪ್ರಶ್ನೆ ಬಂದಾಗ, 2023ರ ಅಕ್ಟೋಬರಿನಲ್ಲಿ, ಅದು ಶಾಸನ ಮಾಡುವವರ ಕೆಲಸ ಎಂದಿತು. ಕನ್ನಡದಲ್ಲಿ ಇದಕ್ಕೂ ಮೊದಲೇ, 2013ರಲ್ಲಿ, ವಸುಧೇಂದ್ರರ 'ಮೋಹನಸ್ವಾಮಿ' ಬಂದಿತ್ತು. ಅದನ್ನು ಓದಿದವರಿಗೆ ಗೊತ್ತು, ಅಲ್ಲಿ ನಗುವಿದೆ. ಬೇರೆಯವರು ನಗುವ ನಗು, ಅದರ ಹೆದರಿಕೆ ಒಬ್ಬ ಮನುಷ್ಯನ ಮೈಯೊಳಗೆ ಮನೆಮಾಡಿ ಕೂರುವ ಬಗೆ. ಅಕ್ಕನ ಮಗಳು ಅದನ್ನೂ ಓದಿದ್ದಾಳೆ. 'ಅದು ನಿಜ ಮಾಮ, ಇದು ಆಗಬೇಕಿರೋದು' ಅಂದಳು. ನಾನು ಅವಳ ವಯಸ್ಸಿನಲ್ಲಿ ಇಷ್ಟು ಚೆನ್ನಾಗಿ ಯಾವ ಪುಸ್ತಕದ ಬಗ್ಗೆಯೂ ಹೇಳಿರಲಿಲ್ಲ. ಅವಳು ಹೇಳಿದ್ದನ್ನು ಪೂರ್ತಿ ಒಪ್ಪಬೇಕೇ ಎಂದು ಇನ್ನೂ ಯೋಚಿಸುತ್ತಿದ್ದೇನೆ. ಆಗಬೇಕಿರುವುದನ್ನು ಮಾತ್ರ ಓದುವ ಹುಡುಗರಿಗೆ ಆಗಿರುವುದು ಕಾಣದೇ ಹೋದೀತು ಎಂಬ ಭಯ ನನ್ನದು. ಆಗಿರುವುದನ್ನು ಮಾತ್ರ ಓದಿ ಬೆಳೆದ ನನ್ನ ತಲೆಮಾರು ಕಾರ್ಡು ಬರೆದವನನ್ನು ನೋಡಿ ನಕ್ಕಿತ್ತು ಎಂಬುದೂ ಸುಳ್ಳಲ್ಲ.

ಈ ಅಂಕಣಕ್ಕೆಂದು ಒಂದು ವಿವರ ಕೇಳಲು ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. 'ನಿಮ್ಮ ಕ್ಲಾಸಲ್ಲಿ ಯಾರಾದ್ರೂ ಹೀಗೆ ರಬ್ಬರಿನ ಮೇಲೆ ಹೆಸರು ಬರೀತಾರೇನೇ?' ಎಂದೆ. 'ನಾವೆಲ್ಲ ಪೆನ್ನಲ್ಲಿ ಬರೆಯೋದು ಮಾಮ, ರಬ್ಬರು ಬಯಾಲಜಿ ಚಿತ್ರಕ್ಕೆ ಅಷ್ಟೇ' ಎಂದು ನಕ್ಕಳು. ಮಾತಾಡುತ್ತಾ ನನ್ನ ಟಿಪ್ಪಣಿಯಲ್ಲಿ ಒಂದು ಇಸವಿ ತಪ್ಪಾಗಿರುವುದು ಕಂಡಿತು. ಪೆನ್ಸಿಲಿನಲ್ಲಿ ಬರೆದದ್ದು. ಟೇಬಲ್ಲಿನ ಮೇಲೆ ಅವಳ ಜಾಮಿಟ್ರಿ ಬಾಕ್ಸು ತೆರೆದಿತ್ತು. ಒಳಗೆ ಕಾಗದದ ಅಂಗಿ ತೊಟ್ಟ ರಬ್ಬರು, ಅರ್ಧಕ್ಕಿಂತ ಹೆಚ್ಚು ತೇದಿದ್ದು. ತೆಗೆದುಕೊಂಡು ಇಸವಿ ಅಳಿಸಿದೆ. ಅವಳು ಮಾತು ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅಂಗಿ ಸರಿಸದೆ, ಹೇಗಿತ್ತೋ ಹಾಗೇ ಬಾಕ್ಸಿನಲ್ಲಿಟ್ಟು ಮುಚ್ಚಳ ಹಾಕಿದೆ.